ಹಲ್ಲಿನ ಮೇಲೆ ಹೊರಿಸಿದ ಅಪವಾದ

ಆರು ತಿಂಗಳು ತುಂಬಿದ ಕೂಸಿನ ಮೈ ಬಿಸಿಯಾಯಿತೆಂದರೆ ಮನೆಯಲ್ಲಿ ತೀರ್ಪು ಸಿದ್ಧವಾಗಿಯೇ ಇರುತ್ತದೆ: ‘ಹಲ್ಲು ಬರ್ತಿರ್ಬೇಕು, ಬಿಡು.’ ಎರಡು ಸಲ ನೀರುನೀರಾಗಿ ಭೇದಿಯಾದರೂ ಹಲ್ಲು, ರಾತ್ರಿಯೆಲ್ಲ ರಚ್ಚೆ ಹಿಡಿದರೂ ಹಲ್ಲು, ರಾಗಿ ಸರಿಗೆ ಬಾಯಿ ಬಿಗಿಹಿಡಿದರೂ ಹಲ್ಲು, ಕಿವಿ ಎಳೆದುಕೊಂಡರೂ ಹಲ್ಲು. ಇನ್ನೂ ಕಣ್ಣಿಗೇ ಬೀಳದ, ಅಕ್ಕಿಕಾಳಿನಷ್ಟಿರುವ ಒಂದು ವಸ್ತುವಿನ ಮೇಲೆ ನಾವು ಹೊರಿಸುವಷ್ಟು ಆರೋಪವನ್ನು ದೇಹದ ಇನ್ನಾವ ಭಾಗದ ಮೇಲೂ ಹೊರಿಸುವುದಿಲ್ಲ. ಮಗುವಿಗೆ ಹಲ್ಲು ಬರುವಾಗ ಏನು ಕೊಡಬೇಕು, ಏನು ಹಚ್ಚಬೇಕು ಎಂಬುದು ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ. ಅದಕ್ಕೆ ಉತ್ತರ ಚಿಕ್ಕದು, ಅದನ್ನೂ ಹೇಳುತ್ತೇನೆ. ಆದರೆ ಅದಕ್ಕೆ ಮೊದಲು ಒಪ್ಪಿಸಬೇಕಾದ ಮಾತೊಂದಿದೆ. ಹಲ್ಲು ಮೂಡುವುದರಿಂದ ಮಕ್ಕಳಿಗೆ ಆಗುವ ತೊಂದರೆ ಚಿಕ್ಕದು. ‘ಇದು ಹಲ್ಲಿನದೇ’ ಎಂಬ ನಂಬಿಕೆಯಿಂದ ಮಕ್ಕಳಿಗೆ ಆಗಿರುವ ತೊಂದರೆ ಬಹಳ ದೊಡ್ಡದು. ಕೇಳಿದ ಕೂಡಲೇ ಒಪ್ಪಿಬಿಡುವ ಮಾತು ಇದಲ್ಲ ಎಂದು ನನಗೆ ಗೊತ್ತು. ಮಕ್ಕಳನ್ನು ಸಾಕಿದ ಯಾವ ಮನೆಯಲ್ಲೂ ಇದಕ್ಕೆ ಎದುರು ಸಾಕ್ಷಿ ಹೇಳುವವರು ಒಬ್ಬರಾದರೂ ಇರುತ್ತಾರೆ.

ಹಲ್ಲೆಂದರೆ ಮಣ್ಣು ಸೀಳಿ ತಲೆಯೆತ್ತುವ ಮೊಳಕೆ, ಅದು ಎಳೆಯ ವಸಡನ್ನು ಚುಚ್ಚಿ ಹರಿದುಕೊಂಡು ಹೊರಬರುತ್ತದೆ, ಹಾಗಾಗಿ ಮೈಯೆಲ್ಲ ಅಲುಗುವಷ್ಟು ನೋವಾಗಲೇಬೇಕು ಎಂಬ ಚಿತ್ರ ನಮ್ಮ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತಿದೆ. ದೇಹ ಈ ಕೆಲಸವನ್ನು ಬೇರೆಯದೇ ರೀತಿಯಲ್ಲಿ ಮಾಡುತ್ತದೆ. ದವಡೆಯೊಳಗೆ ಬೆಳೆಯುವ ಪ್ರತಿ ಹಲ್ಲಿನ ಸುತ್ತ ತೆಳುವಾದ ಒಂದು ಚೀಲವಿರುತ್ತದೆ. 1980ರ ದಶಕದಲ್ಲಿ ಅಮೆರಿಕದ ಕೇಹಿಲ್ ಮತ್ತು ಮಾರ್ಕ್ಸ್ ಎಂಬ ವಿಜ್ಞಾನಿಗಳು ನಾಯಿಗಳ ದವಡೆಯಲ್ಲಿ ಈ ಚೀಲವನ್ನಷ್ಟೇ ತೆಗೆದು ಹಲ್ಲನ್ನು ಹಾಗೇ ಬಿಟ್ಟು ನೋಡಿದರು, ಹಲ್ಲು ಹೊರಬರಲಿಲ್ಲ. ಚೀಲವನ್ನು ಉಳಿಸಿ, ಒಳಗಿನ ಹಲ್ಲು ತೆಗೆದು, ಅದೇ ಆಕಾರದ ಲೋಹದ ತುಂಡನ್ನು ಅಲ್ಲಿಟ್ಟರು. ಜೀವವಿಲ್ಲದ ಆ ಲೋಹ ಹಲ್ಲಿನ ಹಾಗೆಯೇ ಮೇಲೇರಿ ಬಂತು. ದಾರಿ ಬಿಡಿಸುವ ಕೆಲಸ ಚೀಲದ್ದು ಎಂದಾಯಿತು. ಅದು ಮೇಲಿನ ಮೂಳೆಯನ್ನು ತುಸುತುಸುವೇ ಕರಗಿಸುವ ಜೀವಕೋಶಗಳನ್ನು ಕರೆಸಿಕೊಳ್ಳುತ್ತದೆ; ಕೊನೆಗೆ ವಸಡೂ ತೆಳುವಾಗಿ ಜಾಗ ಬಿಟ್ಟುಕೊಡುತ್ತದೆ. ತಿಂಗಳುಗಟ್ಟಲೆ ನಡೆಯುವ ಈ ಕೆಲಸದ ಕೊನೆಯ ಕೆಲವೇ ದಿನಗಳಲ್ಲಿ ವಸಡು ಊದಿ ಕೆಂಪಾಗುತ್ತದೆ, ಮಗುವಿಗೆ ಕಿರಿಕಿರಿ ಆಗುತ್ತದೆ. ಅಪರೂಪಕ್ಕೆ ಹಲ್ಲು ಬರುವ ಜಾಗದಲ್ಲಿ ನೀಲಿಗಟ್ಟಿದ ಗುಳ್ಳೆಯೊಂದು ಕಾಣಿಸಿ ಮನೆಮಂದಿಯನ್ನು ಹೆದರಿಸುವುದುಂಟು. ಅದನ್ನು ಚುಚ್ಚಬೇಕಿಲ್ಲ, ಹಲ್ಲು ಬಂದಾಗ ತಾನೇ ಹೋಗುತ್ತದೆ. ನೋವೇ ಇಲ್ಲವೆಂದು ನಾನು ವಾದಿಸುತ್ತಿಲ್ಲ. ಆದರೆ ಇದು ಬಾಯಿಯೊಳಗೆ, ಒಂದು ಜಾಗದಲ್ಲಿ, ಕೆಲವು ದಿನ ನಡೆಯುವ ಸಂಗತಿ. ಹೊಟ್ಟೆ, ಶ್ವಾಸಕೋಶ, ಮಿದುಳುಗಳನ್ನು ಕೆಡಿಸುವ ಶಕ್ತಿ ಅದಕ್ಕೆಲ್ಲಿಂದ ಬರಬೇಕು?

ಊಹೆ ಬಿಟ್ಟು ಎಣಿಕೆಗೆ ಬರೋಣ. 2000ನೇ ಇಸವಿಯಲ್ಲಿ ಅಮೆರಿಕದ ಮಕ್ಕಳ ವೈದ್ಯಕೀಯ ಪತ್ರಿಕೆ ‘ಪೀಡಿಯಾಟ್ರಿಕ್ಸ್’ನಲ್ಲಿ ಎರಡು ಅಧ್ಯಯನಗಳು ಪ್ರಕಟವಾದವು. ಒಂದು ಒಹಾಯೊದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನದು. 125 ಮಕ್ಕಳ ತಂದೆತಾಯಿ ನಾಲ್ಕನೇ ತಿಂಗಳಿನಿಂದ ವರ್ಷ ತುಂಬುವವರೆಗೆ ದಿನವೂ ಮಗುವಿನ ಮೈಬಿಸಿ, ಮಲ, ನಿದ್ದೆ, ಜೊಲ್ಲು, ಹಟ ಎಲ್ಲವನ್ನೂ ಬರೆದಿಟ್ಟರು. ಅಷ್ಟರಲ್ಲಿ 475 ಹಲ್ಲುಗಳು ಮೂಡಿದವು. ಹಲ್ಲು ಕಾಣಿಸುವುದಕ್ಕೆ ನಾಲ್ಕು ದಿನ ಮೊದಲಿನಿಂದ ಮೂರು ದಿನ ಆಮೇಲಿನವರೆಗೆ, ಒಟ್ಟು ಎಂಟು ದಿನಗಳಲ್ಲಿ ಕೆಲವು ಲಕ್ಷಣಗಳು ನಿಜವಾಗಿಯೂ ಹೆಚ್ಚಿದವು: ಕಚ್ಚುವುದು, ಜೊಲ್ಲು, ವಸಡು ಉಜ್ಜಿಕೊಳ್ಳುವುದು, ಕಿರಿಕಿರಿ, ಕಿವಿ ತಿಕ್ಕಿಕೊಳ್ಳುವುದು, ಮುಖದ ಮೇಲೆ ಗಂದೆ, ಗಟ್ಟಿ ಆಹಾರ ಬೇಡವೆನ್ನುವುದು, ಮೈಬಿಸಿಯಲ್ಲಿ ತುಸು ಏರಿಕೆ. ಭೇದಿ, ವಾಂತಿ, ಕೆಮ್ಮು, 102 ಡಿಗ್ರಿ ಮೀರಿದ ಜ್ವರ ಇವು ಯಾವುವೂ ಹಲ್ಲಿನ ದಿನಗಳಿಗೆ ಅಂಟಿಕೊಳ್ಳಲಿಲ್ಲ. ಇನ್ನೂ ಒಂದು ಸಂಗತಿ: ಹೆಚ್ಚಿದವೆಂದ ಲಕ್ಷಣಗಳಲ್ಲಿ ಯಾವೊಂದೂ ಮೂರನೇ ಒಂದು ಭಾಗಕ್ಕಿಂತ ಅಷ್ಟೇನೂ ಹೆಚ್ಚು ಮಕ್ಕಳಲ್ಲಿ ಕಾಣಲಿಲ್ಲ. ಹೀಗಾಗಿ ಲಕ್ಷಣ ನೋಡಿ ‘ಹಲ್ಲು ಬರುತ್ತಿದೆ’ ಎಂದು ಮೊದಲೇ ಹೇಳುವುದು ಆಗದ ಮಾತು ಎಂದು ಸಂಶೋಧಕರು ಬರೆದರು. ಎರಡನೆಯದು ಆಸ್ಟ್ರೇಲಿಯದ ಮೆಲ್ಬರ್ನ್‌ನದು. ಅಲ್ಲಿ ಶಿಶುವಿಹಾರಗಳ 21 ಮಕ್ಕಳ ಬಾಯನ್ನು ಏಳು ತಿಂಗಳ ಕಾಲ ಪರಿಣತರು ಪರೀಕ್ಷಿಸುತ್ತ ಬಂದರು, 90 ಹಲ್ಲು ಮೂಡುವುದನ್ನು ಗುರುತು ಹಾಕಿಕೊಂಡರು. ಜ್ವರಕ್ಕೂ ಹಲ್ಲಿಗೂ ನಂಟು ಕಾಣಲಿಲ್ಲ, ಉಳಿದ ದೂರುಗಳಿಗೂ ಗಟ್ಟಿಯಾದ ನಂಟು ಸಿಗಲಿಲ್ಲ. ಕೊನೆಯಲ್ಲಿ ತಂದೆತಾಯಿಯನ್ನು ಕೇಳಿದಾಗ ಮಾತ್ರ, ತಮ್ಮ ಮಗು ಹಲ್ಲಿನಿಂದ ಬಹಳ ಕಷ್ಟಪಟ್ಟಿತೆಂದೇ ಎಲ್ಲರೂ ಹೇಳಿದರು. ದಿನದಿನದ ಲೆಕ್ಕ ಒಂದು ಹೇಳಿತು, ನೆನಪು ಇನ್ನೊಂದು ಹೇಳಿತು.

2016ರಲ್ಲಿ ಬ್ರೆಜಿಲ್‌ನ ಸಂಶೋಧಕರು ಇಂಥ 16 ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದಾಗಲೂ ಮುಂದೆ ನಿಂತದ್ದು ಮೂರೇ: ವಸಡಿನ ಉರಿ, ಕಿರಿಕಿರಿ, ಜೊಲ್ಲು. ಮೈಬಿಸಿ ಏರುವುದು ಹೌದು, ಜ್ವರ ಎನ್ನುವ ಮಟ್ಟಕ್ಕೆ ಮುಟ್ಟುವುದಿಲ್ಲ ಎಂಬುದು ಅವರ ತೀರ್ಮಾನ. ಪ್ರಾಮಾಣಿಕವಾಗಿ ಹೇಳಬೇಕಾದರೆ ನನ್ನ ವಾದಕ್ಕೆ ಪೂರ್ತಿ ಒಗ್ಗದ ಅಧ್ಯಯನವೂ ಒಂದಿದೆ. ಅದೂ ಬ್ರೆಜಿಲ್‌ನದೇ, 2011ರದು. 47 ಮಕ್ಕಳನ್ನು ಎಂಟು ತಿಂಗಳು ದಿನವೂ ನೋಡಿದ ಅದರಲ್ಲಿ ಹಲ್ಲು ಮೂಡುವ ದಿನಗಳಿಗೆ ಭೇದಿ, ನೆಗಡಿ, ನಿದ್ದೆಗೇಡುಗಳೂ ಜೊತೆಯಾದದ್ದು ಕಂಡಿತು. ಇದನ್ನು ಬದಿಗೆ ಸರಿಸಿ ಮುಂದೆ ಹೋಗುವುದು ಸರಿಯಲ್ಲ. ಆದರೆ ಅದೇ ಅಧ್ಯಯನ ಇನ್ನೊಂದನ್ನೂ ಹೇಳುತ್ತದೆ: ಆ ತೊಂದರೆಗಳು ಹಲ್ಲು ಕಾಣಿಸಿದ ದಿನಕ್ಕೆ, ಹೆಚ್ಚೆಂದರೆ ಮರುದಿನಕ್ಕೆ ಸೀಮಿತವಾಗಿದ್ದವು, ದೊಡ್ಡ ಜ್ವರ ಅಲ್ಲಿಯೂ ಇರಲಿಲ್ಲ. ಹೀಗಾಗಿ ಹಲ್ಲಿನ ಪರವಾಗಿ ಅತಿ ಉದಾರವಾಗಿ ಸಾಕ್ಷ್ಯ ಓದಿದರೂ, ಮೂರು ದಿನದಿಂದ ಸುರಿಯುತ್ತಿರುವ ಭೇದಿಯನ್ನೋ 103 ಡಿಗ್ರಿ ಜ್ವರವನ್ನೋ ಅದರ ಲೆಕ್ಕಕ್ಕೆ ಬರೆಯಲು ಬರುವುದಿಲ್ಲ.

ಹಾಗಾದರೆ ಆರು ತಿಂಗಳಿಂದ ಎರಡು ವರ್ಷದವರೆಗೆ ಮಕ್ಕಳಿಗೆ ಇಷ್ಟೊಂದು ಕಾಯಿಲೆ ಏಕೆ? ಹಲ್ಲು ಬರುವ ಕಾಲದಲ್ಲೇ ಏಕೆ? ಇದು ಒಳ್ಳೆಯ ಪ್ರಶ್ನೆ, ಉತ್ತರವೂ ಆ ಕಾಲದಲ್ಲೇ ಇದೆ. ಗರ್ಭದಲ್ಲಿದ್ದಾಗ ತಾಯಿಯ ರಕ್ತದಿಂದ ಪಡೆದ ರೋಗನಿರೋಧಕ ಅಂಶಗಳು ಆರು ತಿಂಗಳ ಹೊತ್ತಿಗೆ ಬಹುಮಟ್ಟಿಗೆ ಕರಗಿರುತ್ತವೆ. ಮಗುವಿನದೇ ರಕ್ಷಣೆ ಇನ್ನೂ ಕಲಿಯುತ್ತಿರುತ್ತದೆ. ಅನ್ನಪ್ರಾಶನ ಆಗುವುದು ಆಗಲೇ. ಎದೆಹಾಲಿನ ಜೊತೆಗೆ ಬಟ್ಟಲು, ಚಮಚ, ನೀರು, ಹತ್ತು ಜನರ ಕೈ ಎಲ್ಲ ಮಗುವಿನ ಬಾಯಿಗೆ ದಾರಿ ಕಂಡುಕೊಳ್ಳುತ್ತವೆ. ಮಗು ಅಂಬೆಗಾಲಿಡುವುದೂ ಆಗಲೇ; ಹೊಸ್ತಿಲು, ಚಪ್ಪಲಿ, ಬಿದ್ದ ಕಡಲೆಕಾಳು ಸಿಕ್ಕಿದ್ದೆಲ್ಲ ನೇರ ಬಾಯಿಗೆ. ಮೂರು ದಿನ ಜೋರು ಜ್ವರ ಕಾಯ್ದು, ಜ್ವರ ಇಳಿದ ಮೇಲೆ ಮೈಮೇಲೆ ಗುಲಾಬಿ ಗುಳ್ಳೆ ಎಬ್ಬಿಸುವ ರೋಸಿಯೋಲ ಎಂಬ ವೈರಸ್ ಸೋಂಕು ಹೆಚ್ಚಾಗಿ ತಾಗುವುದು ಆರು ತಿಂಗಳಿಂದ ಎರಡು ವರ್ಷದ ಮಕ್ಕಳಿಗೆ. ವಸಡನ್ನೇ ಕೆಂಪಗೆ ಊದಿಸಿ, ಜೊಲ್ಲು ಸುರಿಸಿ, ಊಟ ಬಿಡಿಸುವ ಹರ್ಪಿಸ್ ಸೋಂಕು ಆ ವಯಸ್ಸಿನಲ್ಲಿಯೇ ಮೊದಲ ಸಲ ಬರುವುದುಂಟು. ನೋಡಲು ಅದು ಥೇಟ್ ಹಲ್ಲಿನ ತೊಂದರೆಯ ಹಾಗೆ, ಜ್ವರ ಮತ್ತು ಬಾಯಿಹುಣ್ಣು ಮಾತ್ರ ಅದರ ಗುಟ್ಟು ಬಿಟ್ಟುಕೊಡುತ್ತವೆ. ಜ್ವರದ ಜೊತೆ ಬರುವ ಸೆಳವಿನ ವಯಸ್ಸು ಆರು ತಿಂಗಳಿಂದ ಐದು ವರ್ಷ. ಇವೆಲ್ಲ ಒಂದೇ ಕಾಲದ ಅತಿಥಿಗಳು. ಹಾಲುಹಲ್ಲು 20; ಸುಮಾರು ಆರನೇ ತಿಂಗಳಿಗೆ ಕೆಳಗಿನ ಎರಡು ಬಾಚಿಹಲ್ಲಿನಿಂದ ಶುರುವಾಗಿ, ಮೂರು ವರ್ಷ ತುಂಬುವ ಹೊತ್ತಿಗೆ ಹಿಂದಿನ ದವಡೆಹಲ್ಲುಗಳೊಂದಿಗೆ ಮುಗಿಯುತ್ತವೆ. ಈ ಎರಡೂವರೆ ವರ್ಷದಲ್ಲಿ ಯಾವ ಕಾಯಿಲೆ ಬಂದರೂ ಅದರ ಹಿಂದೆಯೋ ಮುಂದೆಯೋ ಒಂದು ಹಲ್ಲು ಇದ್ದೇ ಇರುತ್ತದೆ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ನಮ್ಮಲ್ಲೊಂದು ಮಾತಿದೆಯಲ್ಲ, ಇಲ್ಲಿ ಕಾಗೆಗಳೇ 20. ಜೊಲ್ಲಿನದೂ ಹಾಗೆಯೇ. ಮೂರನೇ ತಿಂಗಳಿಗೆ ಜೊಲ್ಲುಗ್ರಂಥಿಗಳು ಚುರುಕಾಗುತ್ತವೆ, ಅಷ್ಟನ್ನೂ ನುಂಗುವ ಅಭ್ಯಾಸ ಮಗುವಿಗೆ ಇನ್ನೂ ಇರುವುದಿಲ್ಲ, ಗಲ್ಲ ಒದ್ದೆಯಾಗುತ್ತದೆ. ಹಲ್ಲಿಗೆ ಇನ್ನೂ ಮೂರು ತಿಂಗಳಿರುತ್ತದೆ.

ಇದೇ ತಪ್ಪು ಲೆಕ್ಕವನ್ನು ಹಿಂದಿನವರು ಎಷ್ಟು ದೂರ ಒಯ್ದರು ಎಂಬುದನ್ನು ನೋಡಿದರೆ ಮೈ ಜುಮ್ಮೆನ್ನುತ್ತದೆ. 16ನೇ ಶತಮಾನದ ಫ್ರಾನ್ಸಿನ ಹೆಸರಾಂತ ಶಸ್ತ್ರವೈದ್ಯ ಆಂಬ್ರೋಸ್ ಪಾರೆ ಎಂಟು ತಿಂಗಳ ಮಗುವೊಂದರ ಶವಪರೀಕ್ಷೆ ಮಾಡಿದ. ಸಾವಿಗೆ ಬೇರೆ ಕಾರಣ ಕಾಣದೆ ವಸಡು ಕೊಯ್ದು ನೋಡಿದ. ಒಳಗೆ ಹೊರಬರಲು ಸಿದ್ಧವಾದ ಹಲ್ಲುಗಳಿದ್ದವು. ಬದುಕಿದ್ದಾಗಲೇ ವಸಡು ಕೊಯ್ದಿದ್ದರೆ ಮಗು ಉಳಿಯುತ್ತಿತ್ತು ಎಂದು ತೀರ್ಮಾನವಾಯಿತು. ಎಂಟು ತಿಂಗಳ ಯಾವ ಮಗುವಿನ ವಸಡು ಕೊಯ್ದರೂ ಹಲ್ಲು ಸಿಗುತ್ತದೆ ಎಂಬುದು ಯಾರಿಗೂ ಹೊಳೆಯಲಿಲ್ಲ. ಮುಂದೆ ಮುನ್ನೂರು ವರ್ಷ ಯುರೋಪಿನ ವೈದ್ಯರು ಜ್ವರ, ಭೇದಿ, ಸೆಳವು ಯಾವುದಕ್ಕೂ ಚಾಕು ತೆಗೆದುಕೊಂಡು ಕೂಸುಗಳ ವಸಡು ಸೀಳಿದರು, ಶುಚಿಯಿಲ್ಲದ ಚಾಕುವಿನಿಂದ. 1839ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ಸಾವಿನ ದಾಖಲೆಯಲ್ಲಿ 5,016 ಸಾವುಗಳ ಎದುರು ಬರೆದ ಕಾರಣ ಒಂದೇ: ಹಲ್ಲು ಮೂಡುವುದು. ಆ ಮಕ್ಕಳು ಸತ್ತದ್ದು ಭೇದಿ, ನ್ಯುಮೋನಿಯ, ಮಿದುಳಿನ ಸೋಂಕುಗಳಿಂದ ಎಂದು ಇವತ್ತು ಊಹಿಸಲು ಕಷ್ಟವಿಲ್ಲ. ಔಷಧಗಳ ಕಥೆ ಇನ್ನೂ ಕೆಟ್ಟದು. ಅಮೆರಿಕದಲ್ಲಿ ತಾಯಂದಿರ ಅಚ್ಚುಮೆಚ್ಚಾಗಿದ್ದ ‘ಮಿಸೆಸ್ ವಿನ್‌ಸ್ಲೋ’ ಹೆಸರಿನ ಸಿರಪ್‌ನಲ್ಲಿ ಇದ್ದದ್ದು ಮಾರ್ಫೀನ್. ಮಗು ಸುಮ್ಮನಾಗುತ್ತಿತ್ತು, ಕೆಲವು ಸಲ ಶಾಶ್ವತವಾಗಿ. ಬ್ರಿಟನ್, ಆಸ್ಟ್ರೇಲಿಯಗಳಲ್ಲಿ ಹಲ್ಲಿನ ಪುಡಿಯೆಂದು ಮಾರಿದ್ದರಲ್ಲಿ ಪಾದರಸವಿತ್ತು. ಅದನ್ನು ತಿಂದ ಮಕ್ಕಳ ಅಂಗೈ ಅಂಗಾಲು ಗುಲಾಬಿ ಬಣ್ಣಕ್ಕೆ ತಿರುಗಿ ಸಿಪ್ಪೆ ಏಳುತ್ತಿದ್ದವು. ಮಗು ಸದಾ ರೇಗುತ್ತಿತ್ತು, ಜೊಲ್ಲು ಸುರಿಸುತ್ತಿತ್ತು, ಊಟ ಬಿಡುತ್ತಿತ್ತು. ಆ ಲಕ್ಷಣ ಕಂಡು ಹಲ್ಲಿನ ಕಾಟ ಹೆಚ್ಚಾಯಿತೆಂದು ಮತ್ತೊಂದು ಪೊಟ್ಟಣ ಪುಡಿ! 1950ರ ದಶಕದಲ್ಲಿ ಪುಡಿಯಿಂದ ಪಾದರಸ ತೆಗೆದ ಮೇಲೆ ಆ ಕಾಯಿಲೆಯೇ ಹೆಚ್ಚುಕಡಿಮೆ ಕಾಣೆಯಾಯಿತು.

ಹಳೆಯ ಕಾಲದ ಮಾತು ಬಿಡಿ ಎನ್ನುವಂತಿಲ್ಲ. 2008ರ ಕೊನೆಯಲ್ಲಿ ನೈಜೀರಿಯದಲ್ಲಿ ‘ಮೈ ಪಿಕಿನ್’ ಎಂಬ ಹಲ್ಲಿನ ಸಿರಪ್ ಕುಡಿದ 84 ಮಕ್ಕಳು ಸತ್ತರು; ಅದರಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಬೆರೆತಿತ್ತು. ಪೂರ್ವ ಆಫ್ರಿಕದ ಹಲವೆಡೆ ಭೇದಿ ಹಿಡಿದ ಕೂಸಿನ ವಸಡನ್ನು ಬಗೆದು, ಇನ್ನೂ ಮೂಡದ ಕೋರೆಹಲ್ಲಿನ ಮೊಗ್ಗನ್ನು ಕೆಟ್ಟ ಹುಳುವೆಂದು ಕಿತ್ತು ತೆಗೆಯುವ ಪದ್ಧತಿ ಇಂದಿಗೂ ಪೂರ್ತಿ ನಿಂತಿಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2018ರಲ್ಲಿ, ಎರಡು ವರ್ಷದೊಳಗಿನ ಮಕ್ಕಳ ವಸಡಿಗೆ ಬೆಂಜೊಕೇನ್ ಇರುವ ಜೆಲ್ ಹಚ್ಚಲೇಬೇಡಿ ಎಂದಿತು. ರಕ್ತ ಆಮ್ಲಜನಕ ಹೊರುವ ಶಕ್ತಿಯನ್ನೇ ಅದು ಕುಂದಿಸಬಲ್ಲದು ಎಂಬುದು ಕಾರಣ. ಜೊಲ್ಲಿನೊಂದಿಗೆ ಹರಿದುಹೋಗುವ ಜೆಲ್‌ನಿಂದ ಉಪಕಾರವೂ ಅಷ್ಟಕ್ಕಷ್ಟೇ. ನಮ್ಮ ಮನೆಗಳಲ್ಲಿ ಬಾಯಿಹುಣ್ಣಿಗೆಂದು ಇರುವ ಕೋಲೀನ್ ಸ್ಯಾಲಿಸಿಲೇಟ್ ಜೆಲ್‌ಗಳನ್ನು 16 ವರ್ಷದೊಳಗಿನವರಿಗೆ ಬಳಸಕೂಡದೆಂದು ಬ್ರಿಟನ್ 2009ರಲ್ಲೇ ಹೇಳಿದೆ. ಅಂಬರ್ ಮಣಿಸರ ಕಟ್ಟಿದರೆ ನೋವು ಹೋಗುತ್ತದೆಂಬ ಹೊಸ ಫ್ಯಾಷನ್ ಈಗ ಆನ್‌ಲೈನ್ ಅಂಗಡಿಗಳ ಮೂಲಕ ನಮ್ಮೂರಿಗೂ ಬಂದಿದೆ. ಅಂಥ ಸರ ಕೊರಳಿಗೆ ಬಿಗಿದು ಮಗು ಸತ್ತ ವರದಿಯಿದೆ. ಹೋಮಿಯೋಪಥಿ ಗುಳಿಗೆಗಳ ವಿಷಯದಲ್ಲಿ ಎಚ್ಚರದಿಂದ ಮಾತಾಡಬೇಕು. 2017ರಲ್ಲಿ ಅಮೆರಿಕದಲ್ಲಿ ಪರೀಕ್ಷಿಸಿದ ಕೆಲವು ಹಲ್ಲಿನ ಗುಳಿಗೆಗಳಲ್ಲಿ ಬೆಲಡೋನ ಎಂಬ ವಿಷಗಿಡದ ಅಂಶ ಹೆಚ್ಚುಕಡಿಮೆಯಾಗಿ, ಲೇಬಲ್‌ನಲ್ಲಿ ಬರೆದದ್ದಕ್ಕಿಂತ ಎಷ್ಟೋ ಪಾಲು ಜಾಸ್ತಿ ಸಿಕ್ಕಿತ್ತು. ನಮ್ಮಲ್ಲಿ ಮಾರುವ 21ನೇ ನಂಬರಿನ ಬಯೋ ಕಾಂಬಿನೇಷನ್ ಬೇರೆ, ಅದರಲ್ಲಿ ಬೆಲಡೋನ ಇಲ್ಲ. ಅದು ಹಾನಿ ಮಾಡುತ್ತದೆ ಎನ್ನಲಾರೆ, ಹಲ್ಲಿಗೆ ಉಪಕಾರ ಮಾಡುತ್ತದೆ ಎನ್ನಲು ಪುರಾವೆಯನ್ನೂ ಕಂಡಿಲ್ಲ. ಸಿಹಿ ಗುಳಿಗೆ ಚೀಪುವ ಹೊತ್ತಿಗೆ ಮಗು ಅಳು ನಿಲ್ಲಿಸಿದರೆ ಆ ಕೀರ್ತಿಯಲ್ಲಿ ಸಕ್ಕರೆಗೂ ಪಾಲು ಕೊಡಬೇಕಾಗುತ್ತದೆ.

ಈಗ ಆಕ್ಷೇಪಗಳು. ‘ಹತ್ತು ಮಕ್ಕಳನ್ನು ಹೆತ್ತು ಸಾಕಿದ ಅಜ್ಜಿಯರು ಹೇಳಿದ್ದೆಲ್ಲ ಸುಳ್ಳೇ?’ ಸುಳ್ಳಲ್ಲ. ಅವರು ಕಂಡದ್ದು ನಿಜ: ಭೇದಿಯೂ ಆಯಿತು, ಹಲ್ಲೂ ಬಂತು. ಎರಡನ್ನೂ ಕಟ್ಟಿದ ದಾರ ಮಾತ್ರ ನಮ್ಮದು. ಹಲ್ಲು ಬಂದರೂ ಭೇದಿಯಾಗದ ಹದಿನೈದು ಸಲ, ಭೇದಿಯಾದರೂ ಹಲ್ಲು ಬಾರದ ನಾಲ್ಕು ಸಲ ಯಾರ ನೆನಪಿನಲ್ಲೂ ಉಳಿಯುವುದಿಲ್ಲ. ಮೆಲ್ಬರ್ನ್‌ನ ತಂದೆತಾಯಿಯ ನೆನಪು ಏಳು ತಿಂಗಳಲ್ಲೇ ಹೀಗೆ ಮಾಡಿದ್ದರೆ, ನಲವತ್ತು ವರ್ಷದ ಹಿಂದಿನ ನೆನಪನ್ನು ದೂರಿ ಫಲವೇನು? ‘ಆಯುರ್ವೇದವೇ ಹೇಳಿದೆಯಲ್ಲ’ ಎಂಬುದು ಇನ್ನೊಂದು. ಹೇಳಿದೆ. ವಾಗ್ಭಟನ ಅಷ್ಟಾಂಗಹೃದಯದ ಉತ್ತರಸ್ಥಾನ ಹಲ್ಲು ಮೂಡುವುದನ್ನು ಮಕ್ಕಳ ಎಲ್ಲ ರೋಗಗಳಿಗೂ ಕಾರಣವೆಂದೇ ಕರೆಯುತ್ತದೆ. ಗ್ರೀಸಿನ ಹಿಪೊಕ್ರೆಟಿಸ್‌ನ ಹೆಸರಿನಲ್ಲಿರುವ ಗ್ರಂಥಗಳೂ ಜ್ವರ, ಸೆಳವು, ಭೇದಿಗಳನ್ನು ಹಲ್ಲಿಗೆ ಸೇರಿಸುತ್ತವೆ. ಸೂಕ್ಷ್ಮಜೀವಿಗಳ ಕಲ್ಪನೆಯೇ ಇಲ್ಲದ ಕಾಲದಲ್ಲಿ ಕಣ್ಣಿಗೆ ಕಾಣುವ ಬದಲಾವಣೆಯನ್ನೇ ಕಾರಣವೆಂದು ಹಿಡಿದದ್ದು ಬುದ್ಧಿವಂತರ ತಪ್ಪು, ದಡ್ಡತನವಲ್ಲ. ಆದರೆ ವಾಗ್ಭಟನ ಆ ಮೊದಲ ಮಾತನ್ನು ಎತ್ತಿ ಹೇಳುವವರು ಅದೇ ಅಧ್ಯಾಯದ ಇನ್ನೊಂದು ಮಾತನ್ನು ಬಿಟ್ಟುಬಿಡುತ್ತಾರೆ: ಹಲ್ಲಿನಿಂದ ಬಂದ ತೊಂದರೆಗಳಲ್ಲಿ ಮಗುವನ್ನು ಪಥ್ಯ ಔಷಧಗಳಿಂದ ಅತಿಯಾಗಿ ಕಟ್ಟಿಹಾಕಬಾರದು, ಹಲ್ಲು ಬಂದ ಮೇಲೆ ಅವು ತಾವಾಗಿಯೇ ಶಮನವಾಗುತ್ತವೆ ಎಂದು ಅವನೇ ಬರೆದಿದ್ದಾನೆ. 

‘ಜೊಲ್ಲು ನುಂಗುವುದರಿಂದ ಹೊಟ್ಟೆ ಕೆಡುತ್ತದೆ’ ಎಂಬ ಅರೆವೈಜ್ಞಾನಿಕ ವಿವರಣೆಯೂ ಚಾಲ್ತಿಯಲ್ಲಿದೆ. ಜೊಲ್ಲನ್ನು ನಾವೆಲ್ಲರೂ ಹುಟ್ಟಿದಾಗಿನಿಂದ ನುಂಗುತ್ತಲೇ ಇದ್ದೇವೆ. ಹೊಟ್ಟೆಗೆ ಅದು ಹೊಸದಲ್ಲ. ಮಗುವಿನ ಹೊಟ್ಟೆಗೆ ಹೊಸದಾಗಿ ಹೋಗುವುದು ಆ ಜೊಲ್ಲಿನ ಬೆರಳು ಮುಟ್ಟಿ ಬಂದ ನೆಲ. ಕೊನೆಯ ಆಕ್ಷೇಪ ಎಲ್ಲಕ್ಕಿಂತ ಮೃದುವಾದದ್ದು, ಹಾಗಾಗಿಯೇ ಎಲ್ಲಕ್ಕಿಂತ ಅಪಾಯದ್ದು: ‘ಹಲ್ಲಿನದೆಂದು ನಂಬಿದರೆ ನಷ್ಟವೇನು? ತಾಯಿಗೆ ಸಮಾಧಾನವಾದರೂ ಸಿಗುತ್ತದೆ.’ ನಷ್ಟವೆಂದರೆ ಕಳೆದುಹೋಗುವ ಸಮಯ. ಹತ್ತು ಕಿಲೋ ತೂಗದ ಮಗುವಿನ ಮೈಯಿಂದ ನೀರು ಇಳಿದುಹೋಗಲು ಒಂದು ಹಗಲು ಒಂದು ರಾತ್ರಿ ಸಾಕು. ನಮ್ಮ ದೇಶದಲ್ಲಿ ಐದು ವರ್ಷದೊಳಗಿನ ಮಕ್ಕಳ ಸಾವಿನ ದೊಡ್ಡ ಕಾರಣಗಳ ಸಾಲಿನಲ್ಲಿ ಭೇದಿ ಇನ್ನೂ ಇದೆ. ಅದಕ್ಕೆ ಬೇಕಾದದ್ದು ಅಂಗನವಾಡಿಯಲ್ಲೋ ಆಶಾ ಕಾರ್ಯಕರ್ತೆಯ ಚೀಲದಲ್ಲೋ ಸಿಗುವ ಓಆರ್‌ಎಸ್ ಪೊಟ್ಟಣ, ಒಂದು ಲೀಟರ್ ಕಾಯಿಸಿ ಆರಿಸಿದ ನೀರು, ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂನಂತೆ 14 ದಿನ ಜಿಂಕ್, ನಿಲ್ಲಿಸದೆ ಎದೆಹಾಲು. ಪ್ರತಿ ಸಲ ಭೇದಿಯಾದ ಮೇಲೆ ಅರ್ಧ ಲೋಟದಷ್ಟು ಓಆರ್‌ಎಸ್ ನೀರನ್ನು ಚಮಚದಲ್ಲಿ ನಿಧಾನವಾಗಿ ಕುಡಿಸಬೇಕು. ಇಷ್ಟು ಅಗ್ಗದ, ಇಷ್ಟು ಖಚಿತವಾದ ಚಿಕಿತ್ಸೆ ಮನೆ ಬಾಗಿಲಲ್ಲಿದ್ದರೂ ಬಳಕೆಯಾಗದೆ ಉಳಿಯುವುದಕ್ಕೆ ‘ಹಲ್ಲಿನ ಭೇದಿ, ನಿಲ್ಲಿಸಬಾರದು’ ಎಂಬ ಮಾತೂ ಒಂದು ಕಾರಣ. ಕಣ್ಣು ಗುಳಿ ಬಿದ್ದರೆ, ಆರು ಗಂಟೆಯಿಂದ ಮೂತ್ರವಾಗದಿದ್ದರೆ, ಮಲದಲ್ಲಿ ರಕ್ತ ಕಂಡರೆ, ಮಗು ಜೋತುಬಿದ್ದು ಹಾಲನ್ನೂ ಬೇಡವೆಂದರೆ ಹಲ್ಲಿನ ಮಾತೆತ್ತದೆ ಆಸ್ಪತ್ರೆಗೆ ನಡೆಯಬೇಕು. ಮೂರು ತಿಂಗಳೊಳಗಿನ ಮಗುವಿಗೆ 100.4 ಡಿಗ್ರಿ ಜ್ವರ ಬಂದರೂ ಹಾಗೆಯೇ. ಆ ವಯಸ್ಸಿನಲ್ಲಿ ಹಲ್ಲಿನ ನೆಪವೂ ಇರುವುದಿಲ್ಲ.

ಇನ್ನು, ನಿಜವಾಗಿಯೂ ಹಲ್ಲೇ ಬರುತ್ತಿರುವ ಮಗುವಿಗೆ ಏನು ಮಾಡಬೇಕು? ಒತ್ತು ಮತ್ತು ತಂಪು, ಎರಡೇ. ಸೋಪಿನಲ್ಲಿ ತೊಳೆದ ಬೆರಳಿನಿಂದ ಊದಿದ ವಸಡನ್ನು ಒಂದೆರಡು ನಿಮಿಷ ಮೆಲ್ಲಗೆ ಒತ್ತಿ ತಿಕ್ಕಿದರೆ ಮಗು ತಾನೇ ಬೆರಳನ್ನು ಬಿಗಿಹಿಡಿದು ಕಚ್ಚುತ್ತದೆ; ಹಿತವಾಯಿತು ಎನ್ನಲು ಅದಕ್ಕೆ ಗೊತ್ತಿರುವ ಭಾಷೆ ಅದು. ಶುಭ್ರವಾದ ಹತ್ತಿ ಬಟ್ಟೆಯ ತುದಿಯನ್ನು ಒದ್ದೆ ಮಾಡಿ, ಫ್ರಿಜ್ಜಿನಲ್ಲಿಟ್ಟು ತಂಪಾದ ಮೇಲೆ ಕಚ್ಚಲು ಕೊಡಬಹುದು. ರಬ್ಬರಿನ ಟೀದರ್ ಆದರೆ ಒಳಗೆ ದ್ರವ ತುಂಬಿರದ ಒಂದೇ ತುಂಡಿನದು ಒಳ್ಳೆಯದು. ಫ್ರೀಜರಿನಲ್ಲಿ ಕಲ್ಲಾಗಿಸಿ ಕೊಟ್ಟರೆ ವಸಡಿಗೇ ಪೆಟ್ಟು. ಚನ್ನಪಟ್ಟಣದ ಅರಗಿನ ಬಣ್ಣದ ಮರದ ಗಿಲಕಿ ಕಚ್ಚಲು ಚೆನ್ನ, ಆದರೆ ಬಣ್ಣ ಯಾವುದೆಂದು ಕೇಳಿ ಕೊಳ್ಳಬೇಕು, ಬಿರುಕು ಬಿಟ್ಟದ್ದನ್ನು ಎಸೆಯಬೇಕು. ಹಸಿ ಕ್ಯಾರೆಟ್ ತುಂಡು ಬೇಡ. ಎರಡು ಹಲ್ಲಿನಿಂದ ಮುರಿಯಬಲ್ಲ ಮಗುವಿಗೆ ಅದನ್ನು ಅಗಿಯಲು ದವಡೆಹಲ್ಲು ಇರುವುದಿಲ್ಲ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಬಜೆ ತೇದು ಜೇನಿನಲ್ಲಿ ನೆಕ್ಕಿಸುವ ರೂಢಿಯಿದೆ. ವರ್ಷ ತುಂಬುವವರೆಗೆ ಜೇನು ಕೊಡಬಾರದು, ಬೊಟುಲಿಸಂ ಎಂಬ ಅಪರೂಪದ ಆದರೆ ಮಾರಕವಾಗಬಲ್ಲ ಕಾಯಿಲೆಯ ಬೀಜಾಣು ಅದರಲ್ಲಿರಬಹುದು. ಗಲ್ಲ, ಕತ್ತು ಒದ್ದೆಯಾಗಿ ಗಂದೆ ಏಳದಂತೆ ಜೊಲ್ಲನ್ನು ಉಜ್ಜದೆ ಒತ್ತಿ ಒರೆಸಬೇಕು. ಒಂದೆರಡು ದಿನ ಗಟ್ಟಿ ಊಟ ಬೇಡವೆಂದರೆ ತಣ್ಣನೆಯ ಮೊಸರನ್ನ, ತೆಳುವಾದ ರಾಗಿ ಸರಿ ಸಾಕು. ಹಾಲು ಕುಡಿಯುವಾಗ ಕಚ್ಚಿತೆಂದು ಎದೆಹಾಲು ಬಿಡಿಸುವುದು ಬೇಕಿಲ್ಲ. ಕಚ್ಚಿದ ಕ್ಷಣ ಮೊಲೆಯಿಂದ ಬಿಡಿಸಿ ಎರಡು ನಿಮಿಷ ತಡೆದು ಕೊಟ್ಟರೆ ಹೆಚ್ಚಿನ ಮಕ್ಕಳು ಕಲಿಯುತ್ತವೆ.

ನೋವು ಹೆಚ್ಚಾಗಿ ನಿದ್ದೆಯೇ ಇಲ್ಲವಾದರೆ ಪ್ಯಾರಾಸಿಟಮಾಲ್ ಕೊಡಬಹುದು, ವೈದ್ಯರನ್ನು ಕೇಳಿ, ತೂಕಕ್ಕೆ ತಕ್ಕಂತೆ. ಇಲ್ಲೊಂದು ಕಡೆ ನಿಂತು ಹೇಳಲೇಬೇಕು. ನಮ್ಮ ಮೆಡಿಕಲ್ ಶಾಪ್‌ಗಳಲ್ಲಿ ಒಂದೇ ಹೆಸರಿನ ಪ್ಯಾರಾಸಿಟಮಾಲ್ ಮೂರು ಬಗೆಯಲ್ಲಿ ಸಿಗುತ್ತದೆ: ಡ್ರಾಪ್ಸ್ ಆದರೆ ಒಂದು ಮಿಲಿಲೀಟರಿನಲ್ಲಿ 100 ಮಿಲಿಗ್ರಾಂ, ಸಿರಪ್ ಆದರೆ ಐದು ಮಿಲಿಲೀಟರಿನಲ್ಲಿ 125, ಗಟ್ಟಿ ಸಿರಪ್ ಆದರೆ ಐದರಲ್ಲಿ 250. ಎಂಟು ಕಿಲೋ ಮಗುವಿಗೆ ಕಿಲೋಗೆ 15 ಮಿಲಿಗ್ರಾಂ ಎಂದು ಹಿಡಿದರೆ ಒಂದು ಸಲಕ್ಕೆ 120 ಮಿಲಿಗ್ರಾಂ. ಸಾಧಾರಣ ಸಿರಪ್ಪಿನಲ್ಲಿ ಅದು ಹತ್ತಿರ ಹತ್ತಿರ ಐದು ಮಿಲಿಲೀಟರ್; ಡ್ರಾಪ್ಸಿನಲ್ಲಿ ಒಂದೂಕಾಲಿಗೂ ಕಡಿಮೆ. ‘ಹೋದ ಸಲ ಐದು ಎಂಎಲ್ ಕೊಟ್ಟಿದ್ದೆವಲ್ಲ’ ಎಂದು ಡ್ರಾಪ್ಸ್ ಬಾಟಲಿಯಿಂದ ಐದು ಸುರಿದರೆ ಆ ಮಗುವಿನ ಯಕೃತ್ತು ನಾಲ್ಕು ಪಟ್ಟು ಔಷಧವನ್ನು ಸಂಭಾಳಿಸಬೇಕಾಗುತ್ತದೆ. ನಿಮೆಸುಲೈಡ್ ಅನ್ನು 12 ವರ್ಷದೊಳಗಿನವರಿಗೆ ಕೊಡುವುದು ನಮ್ಮ ದೇಶದಲ್ಲಿ 2011ರಿಂದಲೇ ನಿಷಿದ್ಧ. ಆಸ್ಪಿರಿನ್ ಅಂತೂ ಮಕ್ಕಳ ಹತ್ತಿರ ಸುಳಿಯಕೂಡದು. ಗ್ರೈಪ್ ವಾಟರ್‌ಗೆ ಹಲ್ಲಿನ ಸಂಗಡ ಯಾವ ವ್ಯವಹಾರವೂ ಇಲ್ಲ, ಜಾಹೀರಾತಿನ ಅಜ್ಜಿ ಏನೇ ಹೇಳಲಿ. ಮೇಲಿನ ಹಲ್ಲು ಮೊದಲು ಬಂದರೆ ಸೋದರಮಾವನಿಗೆ ಆಗದು ಎಂಬ ಮಾತಿನ ಬಗ್ಗೆ ಹೇಳುವುದಾದರೆ, ಹಲ್ಲಿನ ಸಾಲು ಕೆಲವು ಮಕ್ಕಳಲ್ಲಿ ಹಿಂದುಮುಂದಾಗುತ್ತದೆ, ಸೋದರಮಾವಂದಿರು ನಿಶ್ಚಿಂತೆಯಿಂದ ಇರಬಹುದು.

ಇಷ್ಟು ಹೇಳಿದ ಮೇಲೂ ನನ್ನ ಮಾತನ್ನು ನಂಬಬೇಕೆಂದಿಲ್ಲ, ಕ್ಲೀವ್‌ಲ್ಯಾಂಡ್ ಮೆಲ್ಬರ್ನ್‌ಗಳನ್ನೂ ನಂಬಬೇಕಿಲ್ಲ. ಅಡುಗೆಮನೆಯ ಗೋಡೆಗೆ ತೂಗುಹಾಕಿದ ಕ್ಯಾಲೆಂಡರ್ ಇದೆಯಲ್ಲ, ಹಾಲಿನ ಲೆಕ್ಕ ಬರೆಯುವುದು, ಅದನ್ನೇ ಬಳಸಬಹುದು. ಮೈ ಬಿಸಿಯಾದ ದಿನ ಥರ್ಮಾಮೀಟರ್ ಇಟ್ಟು ಎಷ್ಟು ಡಿಗ್ರಿ ಎಂದು ಅಂದೇ ಬರೆಯಬೇಕು. ಭೇದಿಯಾದ ದಿನ ಒಂದು ಗುರುತು. ದಿನಕ್ಕೊಮ್ಮೆ ತೊಳೆದ ಬೆರಳಿನಿಂದ ವಸಡು ಸವರಿ ನೋಡಿ, ಹಲ್ಲಿನ ತುದಿ ಮೊದಲ ಸಲ ಬೆರಳಿಗೆ ಚುಚ್ಚಿದ ದಿನ ಅಥವಾ ಚಮಚಕ್ಕೆ ತಾಗಿ ಟಿಣ್ಣೆಂದ ದಿನ ಇನ್ನೊಂದು ಗುರುತು. ಹಲ್ಲು ಕಾಣದ ದಿನ ‘ಬರುತ್ತಿರಬೇಕು’ ಎಂಬ ಊಹೆಗೆ ಯಾವ ಗುರುತೂ ಇಲ್ಲ. ಮಗುವಿನ ಎರಡನೇ ಹುಟ್ಟುಹಬ್ಬಕ್ಕೆ ಹಾಳೆಗಳನ್ನು ತಿರುವಿ, ಹಲ್ಲಿನ ಗುರುತಿನ ಪಕ್ಕ ಏನೂ ಬರೆಯದೆ ಉಳಿದ ದಿನಗಳನ್ನೂ, ಜ್ವರ ಬಂದು ಹಲ್ಲು ಬಾರದ ವಾರಗಳನ್ನೂ ಅಜ್ಜಿಯ ಜೊತೆ ಕೂತು ಎಣಿಸಿ.